ಎರ್ಮೆಲೀನ್ ಹುಡುಕಿ ತಂದ ಬಟ್ಟೆ

ನನ್ನ ನಾದಿನಿ ಎರ್ಮೆಲೀನ್ ಬರುತ್ತಿದ್ದಾಳೆಂದು ನಮ್ಮೂರಿಗೆ ಯಾರೂ ಹೇಳಬೇಕಾಗಿಲ್ಲ. ಅವಳ ಹಳೇ ಪಿಕಪ್ಪಿನ ಸದ್ದು ಮೂರು ತಿರುವಿನಾಚೆಯೇ ಕೇಳಿಸುತ್ತದೆ. ನಾಯಿಗಳು ಎದ್ದು ಬೊಗಳುತ್ತವೆ, ಕೋಳಿಗಳು ದಾರಿ ಬಿಡುತ್ತವೆ, ನಾನು ಕಾಫಿಗೆ ನೀರಿಡುತ್ತೇನೆ. ಅವಳು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಕಾಫಿಯೂ ಸಿದ್ಧ, ನನ್ನ ದೂರೂ ಸಿದ್ಧ. ದೂರು ಯಾವಾಗಲೂ ಅವಳ ಅಣ್ಣನ ಮೇಲೆ. ಆ ಅಣ್ಣ ನನ್ನ ಗಂಡ ಗಾಸ್ಪಾರ್, ನಮ್ಮ ಕುಲದ ಹಿರಿಯ.

ನ್ಯೂ ಕ್ಯಾಲೆಡೋನಿಯಾ ದ್ವೀಪದ ಈ ಪೂರ್ವ ಕರಾವಳಿಯಲ್ಲಿ ಹುಟ್ಟಿದ, ಇಲ್ಲಿನ ಮೂಲದ ಜನರಾದ ಕನಾಕ್ ಹೆಂಗಸರಿಗೆ ಎರಡು ದಾರಿ. ಹೆಗ್ಗೆಣಸಿನ ತೋಟ, ಇಲ್ಲವೇ ನಿಕಲ್ ಗಣಿ. ಎರ್ಮೆಲೀನ್ ಎರಡನ್ನೂ ಹಿಡಿದಳು. ವಾರವಿಡೀ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾಳೆ. ಅದರ ಚಕ್ರವೇ ಅವಳಿಗಿಂತ ಎತ್ತರ. ಏಣಿ ಹತ್ತಿ ಕೂತರೆ ಇಳಿಜಾರಿನಲ್ಲಿ ಗಂಡಸರು ಬೆವರುವ ಕಡೆ ಇವಳು ಹಾಡು ಗುನುಗುತ್ತಾ ಇಳಿಸುತ್ತಾಳೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಮೊಣಕಾಲಿನ ಕೆಳಗಿನವರೆಗೆ ಬರುವ ಹೂವಿನ ಅಂಗಿಯಲ್ಲೇ ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾಳೆ. ಅವಳ ಚೆಂಡಿಗೆ ಕರಾವಳಿಯ ಎಷ್ಟೋ ತಂಡಗಳ ಹೆಂಗಸರು ಇಂದಿಗೂ ಶಾಪ ಹಾಕುತ್ತಾರೆ.

ಅವಳನ್ನು ಕೊಟ್ಟದ್ದು ಗುಡ್ಡದ ಆಚೆ ಮಗ್ಗುಲಿನ ಊರಿಗೆ. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಅಲ್ಲಿನ ತೊರೆಯಲ್ಲಿ ಇಬ್ಬರೂ ಸಿಗಡಿ ಹಿಡಿಯುತ್ತಿದ್ದೆವು. ಆಮೇಲೆ ಅಲ್ಲಿನ ಗುಡ್ಡದ ನೆತ್ತಿ ಸುಲಿದು ನಿಕಲ್ ತೆಗೆದರು. ಮೊದಲ ದೊಡ್ಡ ಮಳೆಗೇ ಇಟ್ಟಿಗೆ ಪುಡಿ ಕಲಸಿದಂಥ ನೀರು ಇಳಿಯಿತು. ಕೆಸುವಿನ ಗದ್ದೆಗಳು ಕೆಂಪು ಮಣ್ಣಿನಡಿ ಹೋದವು. ಈಗ ಅಲ್ಲಿಗೆ ಕುಡಿಯುವ ನೀರು ಲಾರಿಯಲ್ಲಿ ಬರುತ್ತದೆ. ಗಂಡ ಸತ್ತ ಮೇಲೆ ಎರ್ಮೆಲೀನ್ ನಮ್ಮೂರು ನೆಮಾರಾಕ್ಕೆ ವಾಪಸ್ ಬಂದು, ಗುಡ್ಡದಿಂದ ಹೊರಡುವ ತಲೆನೀರಿನ ಪಕ್ಕದ ತುಂಡು ಜಾಗದಲ್ಲಿ ಕೆಸು ನೆಟ್ಟಳು. ನೆಮಾರಾದ ಕುಡಿಯುವ ನೀರು, ಗದ್ದೆಯ ನೀರು, ಮಕ್ಕಳ ಸ್ನಾನದ ನೀರು ಎಲ್ಲ ಅದೇ. ಬೇರೆ ಇಲ್ಲ.

ಕಂಪನಿಯ ಕಣ್ಣು ಆ ತಲೆನೀರಿನ ಮೇಲಿನ ಗುಡ್ಡದ ಮೇಲೆ ಬಿತ್ತು. ಹಿಂದೆಲ್ಲ ನಿಕಲ್ ಎಂದರೆ ಉಕ್ಕಿಗೆ. ಈಗ ಬ್ಯಾಟರಿಗೆ ಬೇಕಂತೆ, ಹೊಗೆ ಬಿಡದ ಕಾರುಗಳಿಗೆ. ಲೋಕದ ಗಾಳಿ ಕೆಟ್ಟಿರುವುದು ಸುಳ್ಳಲ್ಲ. ಸಮುದ್ರ ನಮ್ಮ ಚರ್ಚಿನ ಹಿಂದಿನ ಸಮಾಧಿಗಳವರೆಗೆ ಏರಿ ಬಂದಿದೆ, ಅದನ್ನು ನಾನೇ ನೋಡುತ್ತಿದ್ದೇನೆ. ಆದರೆ ಇನ್ಯಾವುದೋ ದೇಶದ ಗಾಳಿ ತೊಳೆಯಲು ನನ್ನ ಮನೆಯ ನೀರೇ ಬೇಕೇ ಎಂದು ಕೇಳಿದರೆ ನಗರದಿಂದ ಬಂದವರು ಪಾಪದವಳು ಎನ್ನುವ ಹಾಗೆ ನೋಡುತ್ತಾರೆ. ಆ ನೋಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಸ ಗೆಣಸಿನ ಹಬ್ಬ ಮುಗಿದಿತ್ತು. ನಾವೆಲ್ಲ ಕೆಳಗೆ ಆಟದ ಬಯಲಿನಲ್ಲಿದ್ದೆವು. ಗಾಸ್ಪಾರ್ ಒಬ್ಬನೇ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಬೇರೆ ದಿನವಾದರೆ ಯಾರ ಗಾಡಿ ಏರು ಹತ್ತಿದರೂ ಸದ್ದಾಗುತ್ತದೆ. ಅಕ್ಕಪಕ್ಕದ ಹಿರಿಯರು ಅಂಗಿ ತೊಟ್ಟು ಬರುವಷ್ಟು ಸಮಯ ಸಿಗುತ್ತದೆ. ಆ ದಿನ ಬಂದದ್ದು ಕಂಪನಿಯ ಬ್ಯಾಟರಿ ಕಾರು. ಕಿಮಕ್ ಅನ್ನಲಿಲ್ಲ. ನಾಯಿಯೂ ತಲೆ ಎತ್ತಲಿಲ್ಲ. ಗಾಸ್ಪಾರ್ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಉಲ್ರಿಕ್ ತಲೆ ತಗ್ಗಿಸಿ ನಿಂತಿದ್ದ.

ಉಲ್ರಿಕ್ ಹೊರಗಿನವನಲ್ಲ. ಗಾಸ್ಪಾರ್ ಮತ್ತು ಎರ್ಮೆಲೀನರ ಸೋದರಮಾವ ತೆಯೋದೂಲನ ತಮ್ಮನ ಮಗ. ಓದಿಕೊಂಡ ಹುಡುಗ, ಊರುಗಳ ಜೊತೆ ಮಾತಾಡಲೆಂದೇ ಕಂಪನಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು. ಯಾರನ್ನು ಇಟ್ಟುಕೊಳ್ಳಬೇಕೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ನಮ್ಮಲ್ಲಿ ಮೈಯ ರಕ್ತ ತಾಯಿಯ ಮನೆಯದು. ಹುಟ್ಟಿದರೂ ಸತ್ತರೂ ಸೋದರಮಾವನ ಮನೆಗೆ ತಲೆ ಬಾಗಬೇಕು. ಆ ಮನೆಯವರು ಬಟ್ಟೆ ಇಟ್ಟರೆ ಬೇಡವೆನ್ನುವ ಬಾಯಿ ಯಾರಿಗೂ ಇಲ್ಲ.

ಬಟ್ಟೆ ಇಡುವುದೆಂದರೆ ನಮ್ಮಲ್ಲಿ ಮಾತು ಇಡುವುದು. ಒಂದು ತುಂಡು ಬಟ್ಟೆ, ಮೇಲೆ ಹೊಗೆಸೊಪ್ಪು, ಒಂದು ನೋಟು. ನೆಲ ನೋಡುತ್ತಾ ಬಂದ ಕಾರಣ ಹೇಳುತ್ತಾರೆ. ಎದುರಿನವನು ಬಟ್ಟೆಯ ಮೇಲೆ ಕೈ ಇಟ್ಟನೆಂದರೆ ಆ ಮಾತನ್ನು ಒಪ್ಪಿದ ಹಾಗೆ. ಉಲ್ರಿಕ್ ಇಟ್ಟದ್ದು ಕಂಪನಿಯವರೇ ಅಚ್ಚು ಹಾಕಿಸಿದ ಬಟ್ಟೆ, ಹಸಿರು ಎಲೆ, ನಡುವೆ ಹಳದಿ ಮಿಂಚು. ಮಾವನ ಮನೆಯ ಹೆಸರು ಹೇಳಿ, ಗುಡ್ಡದ ಮೇಲೆ ಒಟ್ಟಿಗೆ ನಡೆಯುವ ದಾರಿಗಾಗಿ ಎಂದ, ಅಂದರೆ ಗಣಿಗೆ ಒಪ್ಪಿಗೆ. ನನ್ನ ಗಂಡ ಕೇಳಿಸಿಕೊಳ್ಳಲಿಲ್ಲ ಎಂದಲ್ಲ, ಕೇಳಿಸಿಕೊಂಡ. ಪಕ್ಕದಲ್ಲಿ ಇನ್ನೊಬ್ಬ ಹಿರಿಯ ಇದ್ದಿದ್ದರೆ, ಎಲ್ಲರೂ ಸೇರಲಿ, ಆಮೇಲೆ ಕೂರೋಣ ಎಂದು ಜಾರಿಕೊಳ್ಳಬಹುದಿತ್ತು. ಒಬ್ಬನೇ ಇದ್ದ. ಕೈ ಇಟ್ಟ.

ವಾಪಸ್ ಹೋಗುವಾಗ ಆ ಕಾರು ಮೊಟ್ಟೆ ಇಡುವ ನನ್ನ ಕೋಳಿಯ ಮೇಲೆ ಹರಿಯಿತು. ಪಾಪ, ಅದಕ್ಕೂ ಕೇಳಿಸಿರಲಿಲ್ಲ.

“ಮಾವನ ಮನೆ ಬಟ್ಟೆ ಕಣೇ. ಹೆಂಗೆ ಬೇಡ ಅನ್ನಲಿ?” ಎಂದ ಗಾಸ್ಪಾರ್.

“ನಿದ್ದೆ ಬಂದೋನ ಹಾಗೆ ಬಿದ್ದಿರಬೇಕಿತ್ತು. ಅದಂತೂ ನಿಮಗೆ ಚೆನ್ನಾಗಿ ಬರುತ್ತೆ,” ಎಂದೆ ನಾನು.

ಸಂಗತಿ ಹೊರಬಿದ್ದದ್ದು ಪುರಸಭೆಯ ಕಟ್ಟಡದಲ್ಲಿ ಕಂಪನಿ ಕರೆದ ಸಭೆಯಲ್ಲಿ. ನೆಮಾರಾದ ಕುಲ ನಮ್ಮ ಬಟ್ಟೆ ಸ್ವೀಕರಿಸಿದೆ, ಆಗಸ್ಟಿನ ಮಾತೆ ಮರಿಯಳ ಹಬ್ಬ ಕಳೆದ ಮೇಲೆ ಬುಲ್ಡೋಜರ್‌ಗಳು ಗುಡ್ಡ ಹತ್ತುತ್ತವೆ ಎಂದು ಉಲ್ರಿಕ್ ಎಲ್ಲರ ಮುಂದೆ ಹೇಳಿದ. ಗಾಸ್ಪಾರ್ ತಲೆ ಎತ್ತಲಿಲ್ಲ. ಎರ್ಮೆಲೀನ್ ಎದ್ದು ನಿಂತಳು. ಅವಳು ಕೇಳಿದ್ದು ಗುಡ್ಡದ ವಿಷಯವನ್ನೇ ಅಲ್ಲ.

“ನಿನ್ನ ಕಾರಿನ ಬ್ಯಾಟರಿ ಸತ್ತ ಮೇಲೆ ಎಲ್ಲಿಗೆ ಹೋಗುತ್ತೆ ಉಲ್ರಿಕ್?”

“ಹೊರದೇಶಕ್ಕೆ. ಅಲ್ಲಿ ಬಿಚ್ಚಿ ಮತ್ತೆ ಬಳಸ್ತಾರೆ.”

“ಯಾರ ಅಂಗಳದಲ್ಲಿ ಬಿಚ್ತಾರೆ?”

ಜನ ನಕ್ಕರು. ಉಲ್ರಿಕನ ಮುಖ ಕೆಂಪಾಯಿತು. “ನಿನ್ನ ಪಿಕಪ್ ಬಿಡೋ ಹೊಗೆಗೆ ಲೋಕವೇ ಕೆಮ್ಮುತ್ತೆ. ಕಂಪನಿ ಅನ್ನ ತಿನ್ಕೊಂಡು ಕಂಪನಿಗೇ ಪಾಠ ಹೇಳ್ಬೇಡ,” ಎಂದ.

“ಹೊಗೆ ಬಿಡುತ್ತೆ, ನಿಜ. ಆದ್ರೆ ನಾನು ಬರ್ತಿದೀನಿ ಅಂತ ಊರಿಗೆ ಗೊತ್ತಾಗುತ್ತೆ. ಕದ್ದು ಬರಲ್ಲ.”

ಅಷ್ಟು ಹೇಳಿ ಕೂತಳು. ಸಭೆ ಮುಗಿದು ಅವಳ ಪಿಕಪ್ಪಿನಲ್ಲೇ ಮನೆಗೆ ಬಂದೆವು. ಅಂಗಳದಲ್ಲಿ ಇಳಿದ ಮೇಲೆ, ಆ ಬಟ್ಟೆ ಎಲ್ಲಿದೆ ಅತ್ತಿಗೆ ಎಂದು ಕೇಳಿದಳು. ನಾನು ಗಂಡನ ಮುಖ ನೋಡಿದೆ. ಕಟ್ಟಳೆಯ ಬಟ್ಟೆ ಯಾರ ಪೆಟ್ಟಿಗೆಯಲ್ಲೂ ಬಹಳ ದಿನ ಕೂರುವುದಿಲ್ಲ. ಸಾವಿಗೆ, ಮದುವೆಗೆ, ಆಟಕ್ಕೆ ಬಂದವರಿಗೆ ಎಂದು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಕಣಿವೆಯ ಕೆಳಗಿನ ಮಾತುರೆನ್ ಎಂಬವನ ತಾಯಿ ತೀರಿಕೊಂಡಾಗ ಗಾಸ್ಪಾರ್ ಅದನ್ನು ಅಲ್ಲಿ ಇಟ್ಟು ಬಂದಿದ್ದ.

ಮರುದಿನ ರಜೆ ಹಾಕಿ ಅವಳು ಕೊಲ್ಲಿಯ ಆಚೆ ದಡದ ಮಾವನ ಮನೆಗೆ ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಮಾವ ತೆಯೋದೂಲನಿಗೆ ಕಾಲು ಊದಿಕೊಂಡು, ಕಟ್ಟೆಯ ಮೇಲೆಯೇ ಅವನ ಸಂಸಾರ. ನಮ್ಮ ಗೆಣಸು, ಬಟ್ಟೆ ಇಟ್ಟೆವು. ಮಾತಾಡುವುದು ಗಂಡಸರ ಕೆಲಸ, ನಿಮ್ಮ ಗಂಡಸರೆಲ್ಲಿ ಎಂದ. ಅಣ್ಣ ನಾಚಿಕೆಯಿಂದ ಮನೆಯೊಳಗೆ ಕೂತಿದ್ದಾನೆ, ಅವನ ಬಾಯಿ ಮುಚ್ಚಿದೆ, ನನ್ನದು ಇನ್ನೂ ಮುಚ್ಚಿಲ್ಲ ಎಂದಳು ಎರ್ಮೆಲೀನ್. 

ಹುಡುಗ ತನ್ನ ಹತ್ತಿರ ಬಂದದ್ದು ನಿಜ, ಅತ್ತೆಯ ಮಕ್ಕಳನ್ನು ಮಾತಾಡಿಸಿ ಬರುತ್ತೇನೆ ಎಂದಷ್ಟೇ ಹೇಳಿದ್ದ ಎಂದ ಮಾವ. ಅವನು ಇಟ್ಟ ಮಾತನ್ನು ವಾಪಸ್ ತೆಗೆಸಿ ಎಂದು ಎರ್ಮೆಲೀನ್ ಕೇಳಿದಳು. ಮಾವ ತಲೆಯ ಮೇಲಿನ ಹೊಸ ತಗಡಿನ ಸೂರು ತೋರಿಸಿದ. ಅದು ಉಲ್ರಿಕನ ಸಂಬಳದಲ್ಲಿ ಬಂದದ್ದು.

“ಅವನ ತಲೆ ನಾನೇ ತಗ್ಗಿಸ್ಬೇಕು ಅಂತೀಯ,” ಎಂದ.

“ನಿಮ್ಮ ಸೂರು ಇರಲಿ ಮಾವ. ನಮ್ಮ ನೀರೂ ಇರಲಿ.”

ಮಾವ ಊದಿದ ಕಾಲನ್ನು ಉಜ್ಜಿಕೊಂಡ. “ನಮ್ಮ ಮನೆ ಹೆಸರಲ್ಲಿ ಇಟ್ಟ ಮಾತನ್ನ ನಾವೇ ಎತ್ಬೇಕು. ಆದ್ರೆ ಅವನು ಇಟ್ಟ ಬಟ್ಟೇನೇ ತರಬೇಕು. ಬೇರೆದು ತಂದ್ರೆ ಅದು ಬರೀ ಉಡುಗೊರೆ ಆಗುತ್ತೆ. ಯಾರ್ಯಾರ ಕೈ ದಾಟಿ ಬಂತು ಅಂತಲೂ ಹೇಳ್ಬೇಕು. ತಗೊಂಡ್ ಬಾ, ಆಮೇಲೆ ನೋಡೋಣ.”

ಮನೆಯಲ್ಲಿ ಇದನ್ನು ಹೇಳಿದಾಗ ಗಾಸ್ಪಾರನಿಗೆ ಒಂದು ಉಪಾಯ ಹೊಳೆಯಿತು. ಕಂಪನಿ ಅಂಥ ಬಟ್ಟೆಯನ್ನು ಎಲ್ಲ ಕಡೆ ಹಂಚಿದೆ, ಇನ್ಯಾರದೋ ಮನೆಯಿಂದ ಅಂಥದೇ ಒಂದು ತಂದರೆ ಯಾರಿಗೆ ಗೊತ್ತಾಗುತ್ತದೆ ಎಂದ.

“ನಂಗೆ ಗೊತ್ತಿರುತ್ತಲ್ಲ ಅಣ್ಣ,” ಎಂದಳು ಎರ್ಮೆಲೀನ್. 

ಪಿಕಪ್ಪಿನ ಹಿಂಬದಿಯಲ್ಲಿ ಗೆಣಸು ತುಂಬಿಕೊಂಡು ಮಾತುರೆನ್ ಮನೆಗೆ ಹೋದೆವು. ಅಲ್ಲಿಯೂ ಮೊದಲಿಗೆ ಅದೇ ಮಾತು, ಹೆಂಗಸರು ಯಾಕೆ ಬಂದಿರಿ ಎಂದು. ಅವಳು ಬಟ್ಟೆ ಇಟ್ಟು, ನೆಲ ನೋಡುತ್ತಾ, ಸಾವಿಗೆ ಕೊಟ್ಟದ್ದನ್ನು ವಾಪಸ್ ಕೇಳುವುದು ಎಷ್ಟು ಕೆಟ್ಟದ್ದೆಂದು ತನಗೆ ಗೊತ್ತಿದೆ ಎಂದಳು. ಆ ಬಟ್ಟೆಗೆ ಅಂಟಿದ ಮಾತು ನಿಮ್ಮ ತಾಯಿಯ ಸಾವಿನಲ್ಲಿ ಇರಬಾರದಿತ್ತು, ಅದಕ್ಕೆ ಕ್ಷಮಿಸಿ ಎಂದಳು. ಮಾತುರೆನ್ ಮೆತ್ತಗಾದ. ಆದರೆ ಬಟ್ಟೆ ಅವನಲ್ಲಿರಲಿಲ್ಲ. ಅವನ ಹೆಂಡತಿ ಕ್ರಿಕೆಟ್ ಆಡಲು ಸಮುದ್ರದಂಚಿನ ಊರಿಗೆ ಹೋದಾಗ ಅಲ್ಲಿನ ತಂಡಕ್ಕೆ ಕೊಟ್ಟಿದ್ದಳು. ಆ ತಂಡದ ಹೆಸರು ಕೇಳಿ ನನಗೆ ನಗು ಬಂತು. ಹೋದ ವರ್ಷ ಎರ್ಮೆಲೀನ್ ಒಂದೊಂದೇ ವಿಕೆಟ್ ಉರುಳಿಸಿ ಅಳಿಸಿ ಕಳಿಸಿದ್ದ ತಂಡ ಅದು.

ನಾವು ಹೋದಾಗ ಅವರು ಅಭ್ಯಾಸ ಮಾಡುತ್ತಿದ್ದರು. ದೂರದಿಂದಲೇ ಕಾಣಿಸಿತು. ಎಲ್ಲರ ಹಣೆಯ ಮೇಲೂ ಹಸಿರು ಎಲೆ, ಹಳದಿ ಮಿಂಚು. ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತಂಡವಿಡೀ ತಲೆಗೆ ಕಟ್ಟಿಕೊಂಡಿತ್ತು. ಮುಗಿಯಿತು, ಮನೆಗೆ ಹೋಗೋಣ ಎಂದೆ. ಅವಳು ಆಗಲೇ ಗಾಡಿಯಿಂದ ಇಳಿದಿದ್ದಳು.

ತಂಡದ ನಾಯಕಿ ಬ್ಲಾಂದೀನ್ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ನಮ್ಮ ವಿಕೆಟ್ ತಗೊಂಡಿದ್ದು ಸಾಲದು ಅಂತ ತಲೆ ಪಟ್ಟೀನೂ ತಗೊಂಡು ಹೋಗೋಕೆ ಬಂದಳಮ್ಮ,” ಎಂದಳು. ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು. ಎರ್ಮೆಲೀನ್ ಅವರ ನಗು ಮುಗಿಯುವವರೆಗೂ ಕಾದಳು. ಆಮೇಲೆ ಗುಡ್ಡದಾಚೆಯ ತೊರೆಯ ಕತೆ ಹೇಳಿದಳು. ಸಿಗಡಿ ಹೋದದ್ದು, ಕೆಸು ಹೋದದ್ದು, ಗಂಡನ ಶವಕ್ಕೆ ಕೊನೆಯ ಸ್ನಾನ ಮಾಡಿಸಲು ನೀರಿನ ಲಾರಿಗೆ ಕಾದು ಕೂತದ್ದು. ಇದನ್ನು ಅವಳು ನನಗೂ ಹೇಳಿರಲಿಲ್ಲ. ಇಷ್ಟು ವರ್ಷ ಅವಳ ಕೈಗೆ ಕಾಫಿ ಕೊಟ್ಟು ನನ್ನ ದೂರುಗಳನ್ನೇ ಹೇಳಿದ್ದೆನಲ್ಲ ಎಂದು ನನಗೆ ಅಳು ಬಂತು.

ಬ್ಲಾಂದೀನ್ ತನ್ನ ಹಣೆಯ ಪಟ್ಟಿ ಬಿಚ್ಚಿ ಕೊಟ್ಟಳು. ಉಳಿದವರೂ ಬಿಚ್ಚಿದರು. ಒಂದು ಮಾತ್ರ ಸಿಗಲಿಲ್ಲ, ಯಾರದೋ ಮಗು ಅದನ್ನು ಆಡುತ್ತಾ ಸಮುದ್ರದಲ್ಲಿ ಕಳೆದಿತ್ತು. ಹೊರಡುವಾಗ ಬ್ಲಾಂದೀನ್ ಪಿಕಪ್ಪಿನ ಬಾಗಿಲು ಹಿಡಿದು, ಇದನ್ನ ಕಂಪನಿಯವರಿಗೆ ಯಾವತ್ತು ವಾಪಸ್ ಕೊಡ್ತೀರಿ ಎಂದು ಕೇಳಿದಳು. ಯಾಕೆ ಎಂದಳು ಎರ್ಮೆಲೀನ್.

“ನಮ್ಮ ತಲೆ ಮೇಲಿದ್ದ ಮಾತು ಅದು. ನಾವೂ ಬರ್ಬೇಕಲ್ಲ.”

ಪಟ್ಟಿಗಳನ್ನು ಜೋಡಿಸಿ ಹೊಲಿದವಳು ನಾನು. ಮಿಂಚುಗಳು ಒಂದಕ್ಕೊಂದು ಕೂಡಲಿಲ್ಲ, ಎಲೆಗಳು ಓರೆಯಾದವು, ನಡುವೆ ಒಂದು ಕಂಡಿ ಉಳಿಯಿತು. ಗಣಿಯಲ್ಲಿ ಅಷ್ಟರಲ್ಲಿ ಸುದ್ದಿ ಹರಡಿತ್ತು. ಮೇಲ್ವಿಚಾರಕ ಎರ್ಮೆಲೀನಳನ್ನು ಕರೆದು ನಿವೃತ್ತಿಗೆ ಹತ್ತಿರವಿರುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ಬುದ್ಧಿ ಹೇಳಿದ. ಕೆಲಸದಲ್ಲಿ ಏನಾದರೂ ತಪ್ಪಿದ್ದರೆ ಹೇಳಿ ಎಂದಳಂತೆ. ತಪ್ಪಿರಲಿಲ್ಲ. ಏಣಿ ಹತ್ತಿ ಹೋಗಿ ಟಿಪ್ಪರ್ ಶುರು ಮಾಡಿದಳು.

ಮಾವ ಆ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಕಂಡಿಯಲ್ಲಿ ಬೆರಳು ತೂರಿಸಿದ. ಇದೆಲ್ಲಿ ಎಂದು ಕೇಳಿದ.

“ಸಮುದ್ರದಲ್ಲಿದೆ ಮಾವ. ನಮ್ಮ ಆ ಕಡೆ ಗುಡ್ಡದ ಮಣ್ಣೂ ಅಲ್ಲೇ ಇದೆ.”

ಮಾವ ಬಟ್ಟೆ ಮಡಚಿದ. ಯಾವತ್ತು ಎಂದಷ್ಟೇ ಕೇಳಿದ.

ಮಾತೆ ಮರಿಯಳ ಹಬ್ಬದ ಮರುದಿನ ಬೆಳಿಗ್ಗೆ ಬುಲ್ಡೋಜರ್‌ಗಳನ್ನು ಹೊತ್ತ ಲಾರಿಗಳು ನೆಮಾರಾದ ಗುಡ್ಡದ ಬುಡಕ್ಕೆ ಬಂದವು. ರಾಜಧಾನಿ ನೂಮೆಯಾದಿಂದ ಕಂಪನಿಯ ಡೈರೆಕ್ಟರ್ ಬಂದಿದ್ದರು, ಫೋಟೋ ತೆಗೆಯುವವರೂ ಬಂದಿದ್ದರು. ಉಲ್ರಿಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರ ಪಕ್ಕದಲ್ಲಿದ್ದ. ಆಗ ಕಣಿವೆಯ ಕೆಳಗಿನಿಂದ ಸದ್ದು ಕೇಳಿಸಿತು. ಮುಂದೆ ಎರ್ಮೆಲೀನಳ ಪಿಕಪ್, ಹಿಂದೆ ಮಾತುರೆನ್ ಮನೆಯವರದು, ಅದರ ಹಿಂದೆ ಬ್ಲಾಂದೀನಳ ತಂಡ ತುಂಬಿದ ಗಾಡಿಗಳು, ಮಾವನ ಊರಿನವು. ನಾಯಿಗಳಿಗೆ ಹುಚ್ಚೇ ಹಿಡಿಯಿತು. ಗಾಸ್ಪಾರ್ ಮನೆಯೊಳಗಿನಿಂದ ಹೊರಬಂದ. ಕೆಲಸಕ್ಕೆ ಬಂದ ಡ್ರೈವರುಗಳೆಲ್ಲ ಈ ಊರುಗಳ ಹುಡುಗರೇ. ಗಾಡಿಗಳಿಂದ ಇಳಿಯುತ್ತಿದ್ದ ತಮ್ಮ ಅಮ್ಮಂದಿರನ್ನು, ಅತ್ತೆಯರನ್ನು ನೋಡಿ ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಮಾವನನ್ನು ಇಬ್ಬರು ಹಿಡಿದು ಇಳಿಸಿದರು. ಅವನು ಉಲ್ರಿಕನ ಮುಂದೆ ಚಾಪೆ ಹಾಸಿಸಿ, ಆ ತೇಪೆಯ ಬಟ್ಟೆ ಇಟ್ಟ. ಮೇಲೆ ಹೊಗೆಸೊಪ್ಪು, ಒಂದು ನೋಟು. ಬಟ್ಟೆ ನಡೆದ ದಾರಿ ಹೇಳಲು ಎರ್ಮೆಲೀನಳಿಗೆ ಸನ್ನೆ ಮಾಡಿದ. ಹೆಂಗಸು ಮಾತಾಡುವುದೇ ಎಂದು ಯಾರೂ ಕೇಳಲಿಲ್ಲ. ಅವಳು ನೆಲ ನೋಡುತ್ತಾ ಒಂದೊಂದೇ ಮನೆಯ ಹೆಸರು ಹೇಳಿದಳು. ಹೆಸರು ಹೇಳಿದ ಮನೆಯವರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಕೊನೆಗೆ ಮಾವ ಮಾತಾಡಿದ.

“ಉಲ್ರಿಕ್, ನಮ್ಮನೆ ಹೆಸರು ಹೇಳಿ ನೀನು ಇಲ್ಲೊಂದು ಮಾತು ಇಟ್ಟೆ. ಅದು ಇಷ್ಟು ಮನೆ ಸುತ್ತಿತು. ಯಾರ ಮನೇಲೂ ಅದಕ್ಕೆ ಜಾಗ ಸಿಗಲಿಲ್ಲ. ಎತ್ಕೋ ಮಗ.”

ಉಲ್ರಿಕನ ಮುಖ ಬಿಳಿಚಿಕೊಂಡಿತು. ಅವನಿಗೆ ಅರ್ಥವಾಗಿತ್ತು. ಡೈರೆಕ್ಟರಿಗೆ ಆಗಿರಲಿಲ್ಲ. ಇಷ್ಟು ಜನ ಉಡುಗೊರೆ ಹೊತ್ತು ಬಂದರಲ್ಲ ಎಂದು ಅವರ ಮುಖ ಅರಳಿತ್ತು. ಫೋಟೋದವರನ್ನು ಹತ್ತಿರ ಕರೆದು, ಉಲ್ರಿಕನ ಬೆನ್ನು ತಟ್ಟಿ, ತಗೊಳ್ಳಿ, ತಗೊಳ್ಳಿ, ಹಿರಿಯರನ್ನು ಕಾಯಿಸಬೇಡಿ ಎಂದರು.

ಮನೆಯ ಹಿರಿಯ ಇಟ್ಟದ್ದನ್ನು ಬೇಡವೆನ್ನುವ ಬಾಯಿ ಉಲ್ರಿಕನಿಗೂ ಇರಲಿಲ್ಲ. ಅವನು ಮಂಡಿಯೂರಿದ. ಬಟ್ಟೆಯ ಮೇಲೆ ಕೈ ಇಟ್ಟ, ಬಹಳ ಹೊತ್ತು ಎತ್ತಲಿಲ್ಲ.  ಅವನ ಮೇಲೆ ನನಗಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಡೈರೆಕ್ಟರ್ ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ.

“ಲಾರಿಗಳನ್ನ ವಾಪಸ್ ಕಳಿಸಿ ಸಾರ್,” ಎಂದ ಉಲ್ರಿಕ್ ಮೇಲೇಳುತ್ತಾ. “ದಾರಿ ಮುಗೀತು.”

ಡೈರೆಕ್ಟರಿಗೆ ಅವನು ಪಿಸುಮಾತಿನಲ್ಲಿ ವಿವರಿಸಬೇಕಾಯಿತು. ಅವರ ನಗು ನಿಧಾನಕ್ಕೆ ಹೋಯಿತು. ಕಾಗದಗಳೆಲ್ಲ ಸರಿಯಾಗಿವೆ, ಬೇಕಾದರೆ ಪೊಲೀಸರು ಬರುತ್ತಾರೆ, ಯಾರು ಬುಲ್ಡೋಜರ್ ಹತ್ತುತ್ತೀರಿ ಎಂದು ಡ್ರೈವರುಗಳ ಕಡೆ ತಿರುಗಿದರು. ಹುಡುಗರು ಹೆಲ್ಮೆಟ್ ತಿರುಗಿಸುತ್ತಾ ನೆಲ ನೋಡಿದರು. ಆಗ ಡೈರೆಕ್ಟರಿಗೆ ಎರ್ಮೆಲೀನ್ ಕಂಡಳು. ಗಣಿಯ ಹಳಬಳು, ಕೆಲಸದಲ್ಲಿ ಒಂದು ತಪ್ಪಿಲ್ಲದವಳು. ನೀವಾದರೂ ಹೇಳಿ, ಇಪ್ಪತ್ತು ವರ್ಷದ ಹತ್ತಿರ ನಮ್ಮ ಜೊತೆ ಇದ್ದೀರಿ, ನಿಮಗೆ ಈ ಕೆಲಸ ಗೊತ್ತಿಲ್ಲವೇ ಎಂದರು.

“ಚೆನ್ನಾಗಿ ಗೊತ್ತು ಸಾರ್,” ಎಂದಳು ಎರ್ಮೆಲೀನ್. “ಆಚೆ ಗುಡ್ಡದ ಮಣ್ಣನ್ನ ನನ್ನ ಗಂಡನ ಊರಿನ ತೊರೆ ಮೇಲೆ ಸುರಿದೋಳು ನಾನೇ.”